ಅಜ್ಜನ ಕಿವಿ, ಮೊಮ್ಮಗನ ಸಿನಿಮಾ

2023ರ ಮಾರ್ಚ್‌ನಲ್ಲಿ ‘ಕಬ್ಜ’ ತೆರೆಕಂಡಾಗ ನಾಲ್ಕನೇ ತರಗತಿಯ ಮೊಮ್ಮಗ ನನ್ನ ಬೆನ್ನು ಹತ್ತಿದ. ಉಪೇಂದ್ರ, ಸುದೀಪ್, ಶಿವರಾಜ್‌ಕುಮಾರ್ ಮೂವರೂ ಒಂದೇ ಚಿತ್ರದಲ್ಲಿ ಇದ್ದಾರೆ ಎಂದರೆ ಬಿಡುವ ಹುಡುಗನೇ? ಬ್ಯಾಡಗಿಯಲ್ಲಿ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಹೋದೆವು.

ನಾಯಕ ವಾಯುಪಡೆಯವನು ಎಂದು ತಿಳಿದದ್ದೇ ತಡ, ಹುಡುಗ ಕುರ್ಚಿಯ ತುದಿಗೆ ಬಂದು ಕುಳಿತ. ಆದರೆ ಅಣ್ಣನ ಕೊಲೆಯಾಗಿ, ನಾಯಕ ಭೂಗತ ಲೋಕಕ್ಕೆ ಇಳಿದ. ಅಲ್ಲಿಂದ ಮುಂದೆ ಗುಂಡು, ಕತ್ತಿ, ಹೊಗೆ. ಪರದೆಯ ತುಂಬ ಇದ್ದಿಲಿನ ಬಣ್ಣ.

“ಅಜ್ಜಾ, ಅಂವ ಮತ್ತ ವಿಮಾನ ಯಾವಾಗ ಹಾರಸ್ತಾನ?” ಎಂದು ನಾಲ್ಕು ಸಲ ಕೇಳಿದ.

ನನಗೆ ಅದಕ್ಕಿಂತ ಮೊದಲಿನ ತೊಂದರೆ. ಪಾತ್ರಗಳು ಆಡುತ್ತಿದ್ದ ಮಾತೇ ಸರಿಯಾಗಿ ಕೇಳುತ್ತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ ಸಾಕು, ಹಿಂದಿನಿಂದ ವಾದ್ಯಗಳು ಅಪ್ಪಳಿಸುತ್ತಿದ್ದವು. “ಏನಂದನೋ ಅಂವ?” ಎಂದು ನಾನು ಕೇಳುವುದು, ಎರಡೂ ಕಿವಿ ಮುಚ್ಚಿಕೊಂಡಿದ್ದ ಅವನು ಒಂದು ಕೈ ತೆಗೆದು ನನಗೆ ಹೇಳುವುದು. ಹೀಗೆ ಎರಡು ತಾಸಿನ ಮೇಲಾಯಿತು. ಕೊನೆಗೆ ನೋಡಿದರೆ ಕಥೆ ಮುಗಿದಿಲ್ಲ, ಉಳಿದದ್ದು ಎರಡನೇ ಭಾಗಕ್ಕಂತೆ!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ದಿನದ ಜಮಾ-ಖರ್ಚು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆಯ ವ್ಯತ್ಯಾಸ ಹುಡುಕುತ್ತ ರಾತ್ರಿ ಒಂಬತ್ತಾದದ್ದೂ ಉಂಟು. “ಉಳಿದ ಲೆಕ್ಕ ಮುಂದಿನ ವರ್ಷ” ಎಂದು ಪುಸ್ತಕ ಮುಚ್ಚಿದ್ದರೆ ನಮ್ಮ ಮ್ಯಾನೇಜರು ಏನನ್ನುತ್ತಿದ್ದರೋ!

ಆದರೆ ಮನಸ್ಸಿಗೆ ಹತ್ತಿದ್ದು ಬೇರೆ. ಬಸ್ಸಿನಲ್ಲಿ ಹುಡುಗ, “ಅಜ್ಜಾ, ನಿನಗ ಕಿವಿ ಕೇಳೂದಿಲ್ಲೇನು?” ಎಂದ. ಕೆಣಕುವುದಕ್ಕೆ ಕೇಳಿದ್ದಲ್ಲ, ಹೆದರಿ ಕೇಳಿದ್ದು. ಮರುವಾರವೇ ಹಾವೇರಿಗೆ ಹೋಗಿ ತೋರಿಸಿದೆ. ಡಾಕ್ಟರು ಪರೀಕ್ಷೆ ಮಾಡಿ, “ವಯಸ್ಸಿಗೆ ತಕ್ಕಷ್ಟು ಕಡಿಮೆ ಆಗೇತ್ರಿ, ಮಾತು ಕೇಳಾಕ ಏನೂ ತೊಂದ್ರಿ ಇಲ್ಲ” ಎಂದರು. ಅವರು ಮೆತ್ತಗೆ ಹೇಳಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

ಆಗ ನನ್ನಜ್ಜಿಯ ನೆನಪಾಯಿತು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ವನ್ನು ಟೂರಿಂಗ್ ಟಾಕೀಸಿನಲ್ಲಿ ಅಜ್ಜಿಯ ಜೊತೆ ನೋಡಿದ್ದೆ. ಅವಳಿಗೆ ಒಂದು ಕಿವಿ ಪೂರ್ತಿ ಹೋಗಿತ್ತು. ಪ್ರೊಜೆಕ್ಟರ್ ಬೇರೆ ಗರಗರ ಎನ್ನುತ್ತಿತ್ತು. ಆದರೂ ರಾಜೀವಪ್ಪ ಕಲ್ಲುಗುಡ್ಡವನ್ನು ಹೊಲ ಮಾಡಿದ್ದು, ಕೊನೆಗೆ ಅಕ್ಕನ ಮಗನ ಚುಚ್ಚುಮಾತಿಗೆ ಮನೆ ಬಿಟ್ಟು ನಡೆದದ್ದು, ಒಂದನ್ನೂ ನಾನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ದಾರಿಯುದ್ದಕ್ಕೂ ಆ ಅಕ್ಕನ ಮಗನನ್ನು ಬೈಯುತ್ತಲೇ ಬಂದಳು.

ಹಳೆಯದೆಲ್ಲ ಚಿನ್ನ ಎನ್ನುವ ಮುದುಕ ನಾನಲ್ಲ. ‘ಕಾಂತಾರ’ ನೋಡಿ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಒಂದು ಚಿತ್ರ ಗೆದ್ದಿತೆಂದರೆ ಅದರ ಹಿಂದೆಯೇ ಅದೇ ಕಪ್ಪು, ಅದೇ ಗಡ್ಡ, ಅದೇ ಗದ್ದಲದ ಹತ್ತು ಚಿತ್ರ ಏಕೆ ಬರಬೇಕು? ‘ಕೆ.ಜಿ.ಎಫ್’ ಬಂದ ಮೇಲೆ ಆಗಿರುವುದು ಇದೇ. ನಮ್ಮೂರ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರ ಕಡಿಮೆಯೇ. ಇವರದು ಬರೀ ಖಾರ, ಬಣ್ಣ ಇಲ್ಲವೇ ಇಲ್ಲ.

ಕಳೆದ ದಸರಾ ರಜೆಯಲ್ಲಿ ಮನೆಯಲ್ಲೇ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಹಾಕಿದೆವು. 2018ರ ಚಿತ್ರ, ರಿಷಬ್ ಶೆಟ್ಟಿಯದು. ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆಯನ್ನು ಮಕ್ಕಳು ಉಳಿಸಿಕೊಳ್ಳಲು ಹೊರಡುವ ಕಥೆ. ಅದಕ್ಕೆ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಅನಂತ್ ನಾಗ್ ಮಾತಿಗೆ ನಾನು ಒಂದು ಕಡೆ ನಕ್ಕರೆ, ಹುಡುಗರ ಕಿತಾಪತಿಗೆ ಅವನು ಇನ್ನೊಂದು ಕಡೆ ನಕ್ಕ. “ಏನಂದನೋ ಅಂವ?” ಎಂದು ಒಮ್ಮೆಯೂ ಕೇಳಲಿಲ್ಲ. ಅದನ್ನು ಅವನೇ ಗಮನಿಸಿ ಅಜ್ಜಿಗೆ ಹೇಳಿಬಂದ.

ಮೊನ್ನೆ ಮತ್ತೆ ಶುರು ಮಾಡಿದ್ದಾನೆ: “ಅಜ್ಜಾ, ಕಬ್ಜ ಎರಡನೇದು ಬಂದ್ರ ಹೋಗೂಣೇನು? ಅದ್ರಾಗ ವಿಮಾನ ಇರಬಹುದು.”

ನಾನು ಉತ್ತರಿಸುವ ಮೊದಲೇ ಒಳಗಿನಿಂದ ನನ್ನಾಕೆ ಕೂಗಿದಳು: “ಹೋಗ್ರಿ, ಆದ್ರ ದೇವರ ಮುಂದ ಬತ್ತಿ ಮಾಡೂ ಅರಳಿ ಐತಿ, ಇಬ್ಬರಿಗೂ ಆಗುವಷ್ಟು ಒಯ್ರಿ.”