ಪಣಜಿಗೆ ಒಂದು ದಿನ ಸಾಕೇ?

ಕಾರವಾರಕ್ಕೆ ಅತಿ ಹತ್ತಿರದ ರಾಜಧಾನಿ ಬೆಂಗಳೂರಲ್ಲ, ಪಣಜಿ. ಬೆಂಗಳೂರು ಐನೂರು ಕಿಲೋಮೀಟರಿಗೂ ಆಚೆ ಇದೆ. ಸಂಜೆ ಬಸ್ಸು ಹತ್ತಿದವರು ಇಳಿಯುವುದು ಮರುದಿನ ಬೆಳಿಗ್ಗೆ. ಪಣಜಿ ಸುಮಾರು ನೂರು ಕಿಲೋಮೀಟರು. ಅಂಕೋಲೆಯಿಂದ ಹೊರಡುವವರು ಇದಕ್ಕೆ ಇನ್ನೊಂದು ಮೂವತ್ತೈದು ಕಿಲೋಮೀಟರು ಕೂಡಿಸಿಕೊಳ್ಳಬೇಕು. ದೂರ ಇಷ್ಟೇ ಆದ್ದರಿಂದ ಈ ಎರಡು ತಾಲೂಕುಗಳಲ್ಲಿ ಪಣಜಿಯ ಮಾತು ಬಂದಾಗಲೆಲ್ಲ ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ ಸೇರುವ ಲೆಕ್ಕವೇ ಮೊದಲು ಏಳುತ್ತದೆ. ಈ ಲೆಕ್ಕ ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಯಾರಿಗೆ ಸರಿಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಕಿಲೋಮೀಟರುಗಳಲ್ಲ. ಹೋದ ಕೆಲಸ ಯಾವುದು, ಊರು ತಲುಪಿದ ಮೇಲೆ ಕೈಯಲ್ಲಿ ಉಳಿಯುವ ಗಂಟೆಗಳು ಎಷ್ಟು, ಹೊರಟ ದಿನ ಎಂಥದು ಎಂಬ ಮೂರು ಸಂಗತಿಗಳು.

ಒಂದೇ ದಿನದಲ್ಲಿ ಹೋಗಿಬರುವ ಅನುಕೂಲ ಈ ಕರಾವಳಿಗೆ ಬಹಳ ಹಿಂದಿನದೇನಲ್ಲ. ಸದಾಶಿವಗಡವನ್ನು ಕಟ್ಟಿಸಿದ ಸೋದೆ ಅರಸರ ಕಾಲದಲ್ಲಿ ಕಾರವಾರದ ಸೀಮೆಯೂ ಇಂದಿನ ಕಾಣಕೋಣವೂ ಒಂದೇ ಆಳ್ವಿಕೆಯಲ್ಲಿದ್ದವು. 1763-64ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಘಟ್ಟದ ಕೆಳಗಿನ ಅವನ ಕೆಲವು ಸೀಮೆಗಳು ಕಾಲಕ್ರಮದಲ್ಲಿ ಪೋರ್ಚುಗೀಸರ ಕೈಸೇರಿದವು. ಕಾಣಕೋಣವೂ ಅವುಗಳಲ್ಲಿ ಒಂದು. ಮಾಜಾಳಿಯ ಆಚೆ ಎರಡು ರಾಜ್ಯಗಳನ್ನು ಬೇರ್ಪಡಿಸುವ ಗೆರೆಯ ಹಿಂದೆ ಈ ಇತಿಹಾಸವಿದೆ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಗುವವರೆಗೂ ಅದು ಎರಡು ದೇಶಗಳ ನಡುವಿನ ಗಡಿಯಾಗಿತ್ತು. ಕಾರವಾರದ ಕಡಲಿನಲ್ಲಿ ಕಣ್ಣಳತೆಯಲ್ಲೇ ಇರುವ ಅಂಜುದೀವ್ ಆಗ ಪೋರ್ಚುಗೀಸರದು. ಇಂದಿಗೂ ಅದು ಸೇರಿರುವುದು ಗೋವೆಗೇ.

ಗಡಿ ತೆರೆದ ಮೇಲೂ ನದಿಗಳು ಉಳಿದಿದ್ದವು. ಕಾರವಾರ ಬಿಡುತ್ತಲೇ ಕಾಳಿ, ಪಣಜಿ ಮುಟ್ಟುವ ಮೊದಲು ಜುವಾರಿ, ಎರಡನ್ನೂ ದಾಟಬೇಕು. ಎರಡಕ್ಕೂ ಹೆದ್ದಾರಿಯ ಸೇತುವೆಗಳು ಬಂದದ್ದು 1980ರ ದಶಕದ ಮೊದಲ ಭಾಗದಲ್ಲಿ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಬಳಕೆಗೆ ಬಂತು. 2019ರ ನವೆಂಬರಿನಲ್ಲಿ ಕಾಣಕೋಣದ ಬೈಪಾಸ್ ತೆರೆಯಿತು. 2022ರ ಡಿಸೆಂಬರ್ ಕೊನೆಗೆ ಹೊಸ ಜುವಾರಿ ಸೇತುವೆಯ ಒಂದು ಬದಿಯಲ್ಲೂ ಮರುವರ್ಷ ಇನ್ನೊಂದು ಬದಿಯಲ್ಲೂ ವಾಹನಗಳು ಓಡತೊಡಗಿದವು. ಹಳೆಯ ಜುವಾರಿ ಸೇತುವೆಯ ಬಾಯಲ್ಲಿ ವಾಹನಗಳು ಸಾಲುಗಟ್ಟಿ ನಿಂತು ಪ್ರಯಾಣಿಕರ ಹೊತ್ತು ತಿನ್ನುತ್ತಿದ್ದ ಕಾಲವನ್ನು ಬಲ್ಲವರಿಗೆ ಈ ಕೊನೆಯ ಬದಲಾವಣೆಯ ಬೆಲೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಯೋಚನೆ ಇಂದು ಸಾಧ್ಯವಾಗಿರುವುದು ಈ ಸೇತುವೆಗಳಿಂದ.

ಈಗ ಗಂಟೆಗಳ ಲೆಕ್ಕ. ಕಾರವಾರದಿಂದ ಮಡಗಾಂವ ಸುಮಾರು ಎಪ್ಪತ್ತು ಕಿಲೋಮೀಟರು. ಸದಾಶಿವಗಡ, ಮಾಜಾಳಿ, ಪೋಳೆಂ, ಕಾಣಕೋಣ, ಅಲ್ಲಿಂದ ಮುಂದೆ ಕರ್ಮಲ್ ಘಾಟಿಯ ತಿರುವುಗಳನ್ನು ದಾಟಿ ಬಸ್ಸು ಮಡಗಾಂವ ಮುಟ್ಟಲು ಹೆಚ್ಚುಕಡಿಮೆ ಎರಡು ಗಂಟೆ ಬೇಕು. ಅಲ್ಲಿಂದ ಪಣಜಿಗೆ ನಡುವೆ ಎಲ್ಲೂ ನಿಲ್ಲದ ಕದಂಬ ಬಸ್ಸುಗಳಿವೆ. ಅದಕ್ಕೆ ಸುಮಾರು ಒಂದು ಗಂಟೆ. ಬಸ್ಸು ಬದಲಿಸುವ, ಸಾಲಿನಲ್ಲಿ ನಿಲ್ಲುವ ಹೊತ್ತನ್ನೂ ಹಿಡಿದರೆ ಒಂದು ಕಡೆಗೆ ಮೂರೂವರೆ ಗಂಟೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಬೆಳಿಗ್ಗೆ ಆರೂವರೆಗೆ ಹೊರಟವರು ಹತ್ತಕ್ಕೆ ಪಣಜಿಯಲ್ಲಿರುತ್ತಾರೆ. ರಾತ್ರಿ ಎಂಟಕ್ಕೆ ಮನೆಯಲ್ಲಿರಬೇಕಾದರೆ ನಾಲ್ಕೂವರೆಗೆ ಅಲ್ಲಿಂದ ಹೊರಡಬೇಕು. ಕೈಯಲ್ಲಿ ಉಳಿಯುವುದು ಆರೂವರೆ ಗಂಟೆ. ಅಂಕೋಲೆಯವರಿಗೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಹೆಚ್ಚು ಬೇಕು. ಅವರು ಐದೂವರೆಗೇ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಮರಳಿದರೆ ಮಾತ್ರ ಅಷ್ಟು ಹೊತ್ತು ಸಿಗುತ್ತದೆ.

ಈ ಆರೂವರೆ ಗಂಟೆಯೂ ಪೂರ್ತಿ ಕೈಗೆ ಬರುವುದಿಲ್ಲ. ಪಣಜಿಯ ಬಹಳಷ್ಟು ಅಂಗಡಿಗಳು ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲು ಹಾಕಿ, ಮೂರು ಮೂರೂವರೆಗೆ ತೆರೆಯುತ್ತವೆ. ಊಟ ಮಾಡಿ ಒಂದಿಷ್ಟು ವಿಶ್ರಾಂತಿ ಪಡೆಯುವ ಈ ರೂಢಿ ಗೋವೆಯ ಜೀವನದ ಭಾಗ. ಹೊರಗಿನವರ ಅವಸರಕ್ಕಾಗಿ ಅದು ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಆದರೆ ಹನ್ನೆರಡಕ್ಕೆ ಪಣಜಿ ಮುಟ್ಟಿದವರ ದಿನ ಅಲ್ಲಿಗೇ ಮುಗಿದ ಹಾಗೆ. ಹತ್ತಕ್ಕೆ ಮುಟ್ಟಿದವರಿಗೆ ಮೂರು ಗಂಟೆಯ ಬೆಳಗು ಸಿಗುತ್ತದೆ. ಒಂದು ದಿನದ ಪ್ರಯಾಣದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಹೊತ್ತು ಇದೇ.

ರೈಲು ಈ ಲೆಕ್ಕವನ್ನು ಸ್ವಲ್ಪ ಹಗುರ ಮಾಡುತ್ತದೆ. ಕಾರವಾರದಿಂದ ಮಡಗಾಂವಕ್ಕೆ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ಆದರೆ ಕಾರವಾರದ ನಿಲ್ದಾಣ ಇರುವುದು ಊರ ಹೊರಗಿನ ಶಿರವಾಡದಲ್ಲಿ. ಮಡಗಾಂವದಲ್ಲೂ ರೈಲು ನಿಲ್ದಾಣದಿಂದ ಕದಂಬ ಬಸ್ ನಿಲ್ದಾಣಕ್ಕೆ ಬೇರೆ ವಾಹನ ಹಿಡಿಯಬೇಕು. ಪಣಜಿ ನಗರದೊಳಗೆ ರೈಲು ನಿಲ್ದಾಣವಿಲ್ಲ. ಹತ್ತಿರದ್ದೆಂದರೆ ಹತ್ತು ಹನ್ನೊಂದು ಕಿಲೋಮೀಟರು ದೂರದ ಕರ್ಮಳಿ. 2023ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಮಂಗಳೂರು–ಮಡಗಾಂವ ವಂದೇ ಭಾರತ್ ಬೆಳಿಗ್ಗೆ ಮಂಗಳೂರು ಬಿಟ್ಟು ಕಾರವಾರಕ್ಕೆ ಬರುವಾಗ ಮಧ್ಯಾಹ್ನವಾಗುತ್ತದೆ. ಹೋಗುವುದಕ್ಕೆ ಅದರ ಪ್ರಯೋಜನವಿಲ್ಲ. ಸಂಜೆ ಮಡಗಾಂವದಿಂದ ಹಿಂದಿರುಗುವಾಗ ಕಾರವಾರದವರಿಗೆ ಅದು ಅನುಕೂಲ. ಬೆಳಿಗ್ಗೆ ಬಸ್ಸು, ಸಂಜೆ ರೈಲು ಎಂದು ಹೊಂದಿಸಿಕೊಂಡರೆ ಪಣಜಿಯಲ್ಲಿ ಇರುವ ಹೊತ್ತು ಕಡಿಮೆಯಾಗದೆ ದಣಿವು ಮಾತ್ರ ಕಡಿಮೆಯಾಗುತ್ತದೆ. ಎಲ್ಲ ಗಾಡಿಗಳೂ ಅಂಕೋಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿಯವರು ವೇಳಾಪಟ್ಟಿ ನೋಡಿಯೇ ಹೊರಡಬೇಕು.

ಗಂಟೆಗಳ ನಂತರದ ಪ್ರಶ್ನೆ ಕೆಲಸದ್ದು. ರಾಜಧಾನಿ ಎಂದ ಮಾತ್ರಕ್ಕೆ ಪಣಜಿಯ ಸರಕಾರಿ ಕಚೇರಿಗಳು ಕಾರವಾರದವರ ಕೆಲಸಕ್ಕೆ ಬರುವುದಿಲ್ಲ. ಉತ್ತರ ಕನ್ನಡದ ಕಡತಗಳು ಹೋಗುವುದು ಬೆಂಗಳೂರಿಗೆ. ಹೈಕೋರ್ಟಿನ ಕೆಲಸವಿದ್ದವರು 2008ರಿಂದ ಧಾರವಾಡದ ಪೀಠಕ್ಕೆ ಹೋಗುತ್ತಾರೆ. ಗೋವೆಯಲ್ಲಿ ದುಡಿಯುವವರು, ಅಲ್ಲಿ ಆಸ್ತಿಯೋ ವ್ಯವಹಾರವೋ ಉಳ್ಳವರು ಮಾತ್ರ ಅಲ್ಲಿಯ ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ. ಅಂಥವರು ನೆನಪಿಡಬೇಕಾದ ಒಂದು ಸಂಗತಿಯಿದೆ: 2000ದಿಂದ ಗೋವೆಯ ವಿಧಾನಸಭೆ ಇರುವುದು ಮಾಂಡವಿ ನದಿಯ ಆಚೆ ದಡದ ಪರ್ವರಿಯಲ್ಲಿ, ಸಚಿವಾಲಯವೂ ಅಲ್ಲೇ. ಮುಂಬಯಿ ಹೈಕೋರ್ಟಿನ ಗೋವಾ ಪೀಠವೂ 2021ರಲ್ಲಿ ಅಲ್ಲಿಗೇ ಹೋಯಿತು. ಪಣಜಿಯಲ್ಲಿ ಇಳಿದು ವಿಚಾರಿಸುತ್ತ ಕೂತರೆ ಬೆಳಗಿನ ಮೂರು ಗಂಟೆಗಳಲ್ಲಿ ಒಂದು ಅಲ್ಲೇ ಕರಗುತ್ತದೆ.

ಈ ಎರಡು ತಾಲೂಕುಗಳ ಜನ ಅತಿ ಸಂಕಟದಿಂದ ಕೈಗೊಳ್ಳುವ ಪಣಜಿ ಪ್ರಯಾಣ ಆಸ್ಪತ್ರೆಯದು. 1842ರಲ್ಲಿ ಶಾಲೆಯಾಗಿ ಹುಟ್ಟಿದ ಗೋವಾ ವೈದ್ಯಕೀಯ ಕಾಲೇಜು ಈಗ ಬಾಂಬೋಳಿಯಲ್ಲಿದೆ. ಅದು ಹೆದ್ದಾರಿಯ ಪಕ್ಕದಲ್ಲೇ, ಪಣಜಿ ಇನ್ನೂ ಕೆಲವು ಕಿಲೋಮೀಟರು ಇರುವಾಗಲೇ ಸಿಗುತ್ತದೆ. ರೋಗಿಯನ್ನು ಕರೆದೊಯ್ಯುವವರು ನಗರದೊಳಗೆ ಹೋಗಬೇಕಾಗಿಲ್ಲ. 2018ರಿಂದ ಹೊರರಾಜ್ಯದವರಿಗೆ ಅಲ್ಲಿ ಶುಲ್ಕವಿದೆ ಎಂಬುದನ್ನು ತಿಳಿದು ಹೋಗಬೇಕು. ಹೊರರೋಗಿಗಳ ಹೆಸರು ಬರೆಸುವುದು ಬೆಳಿಗ್ಗೆ. ಪರೀಕ್ಷೆಗಳ ಫಲಿತಾಂಶ ಅದೇ ದಿನ ಬಾರದೆ ಇರಬಹುದು. ಮೊದಲ ಸಲ ತೋರಿಸಲು ಹೋಗುವವರು ಒಂದು ದಿನದಲ್ಲಿ ಮುಗಿಯುತ್ತದೆಂದು ನಂಬಿ ಹೊರಡಬಾರದು. ಉಳಿಯಲು ಜಾಗ, ಒಂದು ಜೊತೆ ಬಟ್ಟೆ, ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಮೊದಲೇ ದಿನ ಗೊತ್ತುಮಾಡಿಕೊಂಡು ಮತ್ತೆ ತೋರಿಸಿ ಬರುವುದಷ್ಟೇ ಇದ್ದರೆ ಒಂದು ದಿನ ಸಾಕು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದಿದೆ. ಆದರೂ ಜಿಲ್ಲೆಯಲ್ಲಿ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಮತ್ತೆ ಗಟ್ಟಿಯಾಗಿ ಎದ್ದಿತು. ಅದು ನ್ಯಾಯವಾದ ಕೂಗು. ಎದೆನೋವಿನ ಮನುಷ್ಯನಿಗೆ ನೂರು ಕಿಲೋಮೀಟರು ಹತ್ತಿರವಲ್ಲ.

ಮೂರನೆಯ ಕಾರಣ ದೇವರು. ಕಾರವಾರ, ಅಂಕೋಲೆಗಳ ಅನೇಕ ಕೊಂಕಣಿ ಮನೆಗಳ ಕುಲದೇವರು ಗೋವೆಯಲ್ಲಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಒತ್ತಡದಿಂದ ದೇವರನ್ನು ಎತ್ತಿಕೊಂಡು ಭಕ್ತರು ಆಗ ಪೋರ್ಚುಗೀಸರ ಹಿಡಿತದ ಹೊರಗಿದ್ದ ಫೋಂಡಾ ಸೀಮೆಗೆ ಬಂದರು. ಎಷ್ಟೋ ಮನೆತನಗಳು ಇನ್ನೂ ತೆಂಕಕ್ಕೆ, ಕಾರವಾರದ ಕಡೆಗೆ ಇಳಿದವು. ಮಂಗೇಶಿ, ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗಾ, ರಾಮನಾಥಿ ಎಲ್ಲವೂ ಫೋಂಡಾದ ಸುತ್ತ ಒಂದಕ್ಕೊಂದು ಹತ್ತಿರದಲ್ಲಿವೆ. ಮಡಗಾಂವದಿಂದ ಫೋಂಡಾಕ್ಕೆ ನೇರ ದಾರಿಯಿದೆ. ಕುಲದೇವರ ದರ್ಶನಕ್ಕೆ ಹೊರಟವರು ಅದೇ ದಿನ ಪಣಜಿಯನ್ನೂ ಸೇರಿಸಿಕೊಂಡರೆ ಪೂಜೆಯೂ ಅವಸರದ್ದಾಗುತ್ತದೆ, ಪಣಜಿಯೂ ಬಸ್ಸಿನ ಕಿಟಕಿಯಿಂದ ಕಂಡಷ್ಟೇ ಆಗುತ್ತದೆ. ಆ ದಿನವನ್ನು ಫೋಂಡಾಕ್ಕೇ ಬಿಟ್ಟುಕೊಡುವುದು ಸರಿ.

ಊರು ನೋಡಲೆಂದೇ ಹೋಗುವವರಿಗೆ ಪಣಜಿ ದಯಾಳುವಾದ ನಗರ. ರಾಜಧಾನಿಗಳಲ್ಲಿ ಅದು ಚಿಕ್ಕದು. ನೋಡಬೇಕಾದದ್ದು ಬಹುಪಾಲು ನಡೆದು ಮುಗಿಯುವಷ್ಟು ದೂರದಲ್ಲಿದೆ. ಬಸ್ ನಿಲ್ದಾಣವಿರುವ ಪಾಟ್ಟೊದಲ್ಲೇ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯವಿದೆ. 1832ರಲ್ಲಿ ಆರಂಭವಾದ ಅದು ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. ಅಲ್ಲಿಂದ ತೊರೆ ದಾಟಿದರೆ ಫೊಂತೈನ್ಯಾಸ್: ಹಳದಿ, ನೀಲಿ, ಕೆಂಪು ಬಣ್ಣದ ಗೋಡೆಗಳ, ಹೆಂಚಿನ ಮಾಡುಗಳ ಹಳೆಯ ಕೇರಿ. ಮುಂದೆ ನಡೆದರೆ ಎತ್ತರದ ಬಿಳಿ ಮೆಟ್ಟಿಲುಗಳ ಇಗರ್ಜಿ, ಮಹಾಲಕ್ಷ್ಮಿಯ ಗುಡಿ, ಆಜಾದ್ ಮೈದಾನ, ಮಾಂಡವಿಯ ದಂಡೆಯ ಆದಿಲ್‌ಶಾಹಿ ಅರಮನೆ. ಇನ್ನೂ ಮುಂದೆ ನದಿಯ ಅಂಚಿನಲ್ಲಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ. ಇಷ್ಟಕ್ಕೆ ಒಂದು ಬೆಳಗು, ಒಂದು ಊಟ, ಊಟದ ನಂತರದ ಒಂದು ನಿಧಾನದ ನಡಿಗೆ ಸಾಕು.

ಹಳೆ ಗೋವೆ ಇದರಲ್ಲಿ ಸೇರುವುದಿಲ್ಲ. ಅದು ಪಣಜಿಯಿಂದ ಮೂಡಣಕ್ಕೆ ಸುಮಾರು ಹತ್ತು ಕಿಲೋಮೀಟರು. 1843ರಲ್ಲಿ ರಾಜಧಾನಿಯ ಪಟ್ಟ ಅಲ್ಲಿಂದ ಪಣಜಿಗೆ ಬಂತು. ಬೋಂ ಜೆಸು ಬೆಸಿಲಿಕಾ, ಸೇ ಕೆಥೆಡ್ರಲ್ ಮತ್ತು ಇತರ ಇಗರ್ಜಿಗಳು 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನು ಕಣ್ತುಂಬ ನೋಡಲು ಅರ್ಧ ದಿನ ಬೇಕು. ಪಣಜಿ ಅಥವಾ ಹಳೆ ಗೋವೆ, ಎರಡರಲ್ಲಿ ಒಂದನ್ನು ಮನೆಯಲ್ಲೇ ಆರಿಸಿಕೊಂಡು ಹೊರಡುವುದು ಉತ್ತಮ. ಕರ್ಮಳಿಯಲ್ಲಿ ನಿಲ್ಲುವ ರೈಲು ಸಿಕ್ಕವರಿಗೆ ಹಳೆ ಗೋವೆಯೇ ಮೊದಲು ಸಿಗುತ್ತದೆ. ಹಳೆಯ ದಾಖಲೆಗಳನ್ನು ಹುಡುಕುವವರ ಮಾತು ಬೇರೆ. ಸೋದೆ, ಕಾರವಾರಗಳ ಇತಿಹಾಸ ಬರೆಯುವವರಿಗೆ ಗೋವೆಯ ಪತ್ರಾಗಾರ ಅನಿವಾರ್ಯ. ಆದರೆ ಅಂಥ ಓದಿಗೆ ಒಂದು ದಿನ ಏನೇನೂ ಸಾಲದು. ಬಟ್ಟೆಬರೆ ಕೊಳ್ಳುವುದಷ್ಟೇ ಉದ್ದೇಶವಾದರೆ ಪಣಜಿಯವರೆಗೆ ಹೋಗಬೇಕಿಲ್ಲ. ಮಡಗಾಂವದ ಮಾರುಕಟ್ಟೆ ದೊಡ್ಡದು, ಒಂದು ಗಂಟೆ ಹತ್ತಿರ. ಗೋವೆಯಲ್ಲಿ ಅಗ್ಗವೆಂದು ಮದ್ಯದ ಬಾಟಲಿ ತರುವ ಆಸೆಯಿದ್ದವರಿಗೆ ಮಾಜಾಳಿಯ ತನಿಖಾ ಠಾಣೆ ಇದೆ. ಪರವಾನಗಿ ಇಲ್ಲದೆ ತರುವುದು ಅಪರಾಧ, ಅದಕ್ಕಾಗಿ ಒಂದು ದಿನ ಕಳೆಯುವುದು ನಷ್ಟ.

ಕೊನೆಯದು ದಿನದ ಆಯ್ಕೆ. ಭಾನುವಾರ ಪಣಜಿಯ ಪೇಟೆ ಬಹುತೇಕ ಮುಚ್ಚಿರುತ್ತದೆ. ಇಗರ್ಜಿಗಳಲ್ಲಿ ಬೆಳಿಗ್ಗೆ ಪೂಜೆ ನಡೆಯುವುದರಿಂದ ನೋಡಲು ಬಂದವರು ಕಾಯಬೇಕು. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬ, 19 ಗೋವಾ ವಿಮೋಚನಾ ದಿನ. ಎರಡೂ ದಿನ ಅಲ್ಲಿ ರಜೆ. ನವೆಂಬರಿನಲ್ಲಿ 2004ರಿಂದ ನಡೆದುಬಂದಿರುವ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಸಿನಿಮಾ ಪ್ರೀತಿಯವರಿಗೆ ಹೋಗಲೇಬೇಕಾದ ಕಾರಣ. ಉಳಿದವರಿಗೆ ಅದು ಜನಜಂಗುಳಿಯ ಕಾಲ. ನವೆಂಬರ್ 1 ವಿಶೇಷವಾಗಿ ಒದಗುವ ದಿನ: ರಾಜ್ಯೋತ್ಸವಕ್ಕೆ ಇಲ್ಲಿ ರಜೆ, ವಾರದ ರಜೆಯೋ ದೀಪಾವಳಿಯೋ ಕೂಡಿ ಬರದಿದ್ದರೆ ಅಲ್ಲಿ ಎಂದಿನ ಕೆಲಸದ ದಿನ. ಬೆಳಗಿನ ಧ್ವಜವಂದನೆಗೆ ನಿಲ್ಲಬೇಕಾಗಿಲ್ಲದವರು ಅದನ್ನು ಬಳಸಿಕೊಳ್ಳಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಸರದ ಕೆಲಸವಿಲ್ಲದೆ ಹೊರಡದಿರುವುದು ಒಳ್ಳೆಯದು. ಕೊಂಕಣ ರೈಲಿಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ, ವೇಗವೂ ಕಡಿಮೆ. 2024ರ ಮಳೆಗಾಲವನ್ನು ಈ ಭಾಗದವರು ಮರೆಯಲಾರರು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ 66ನೇ ಹೆದ್ದಾರಿಯಲ್ಲಿದ್ದವರ ಜೀವ ಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಲಾಯಿತು. ಪಕ್ಕದ ಹೊಸ ಸೇತುವೆ ಉಳಿದಿದ್ದರಿಂದ ದಾರಿ ಕಡಿಯಲಿಲ್ಲ. ಇಂಥ ಕಾಲದಲ್ಲಿ ರಾತ್ರಿಯೊಳಗೆ ಮನೆ ಸೇರಲೇಬೇಕೆಂಬ ಹಟ ಸಲ್ಲದು.

ಇಷ್ಟನ್ನೆಲ್ಲ ಕೂಡಿಸಿದರೆ ತೀರ್ಮಾನ ಸ್ಪಷ್ಟ. ಕಾರವಾರದವರಿಗೆ ಒಂದು ದಿನದ ಪಣಜಿ ಸಾರ್ಥಕ, ಕೆಲಸ ಒಂದೇ ಆಗಿದ್ದರೆ, ಹತ್ತರೊಳಗೆ ಅಲ್ಲಿದ್ದರೆ, ಮಳೆಗಾಲವೂ ಭಾನುವಾರವೂ ಅಲ್ಲದಿದ್ದರೆ. ಅಂಕೋಲೆಯವರಿಗೆ ಹೊಂದುವ ರೈಲು ಸಿಕ್ಕರೆ ಮಾತ್ರ ಅದು ಸುಖದ ಪ್ರಯಾಣ. ಇಲ್ಲವಾದರೆ ಒಂದು ರಾತ್ರಿ ಅಲ್ಲೇ ಉಳಿಯುವುದು ಮೇಲು. ದೇವರಿಗೆ ಹೊರಟವರಿಗೆ ಫೋಂಡಾ ಸಾಕು, ಪೇಟೆಗೆ ಹೊರಟವರಿಗೆ ಮಡಗಾಂವ ಸಾಕು. ರೋಗಿಯೊಂದಿಗೆ ಹೊರಟವರು ಮರಳುವ ಗಂಟೆಯನ್ನು ಮೊದಲೇ ನಿಗದಿಮಾಡಿಕೊಳ್ಳದೆ ಹೋಗಲಿ.