ರೌಂಡ್ ಸೀಲು ಮತ್ತು ಒಂಟಿ ಮಿನಾರು

ನಮ್ಮ ಕಚೇರಿಯಲ್ಲಿ ಮೇಲಿನವರಿಗೆ ಸಿಟ್ಟು ನೆತ್ತಿಗೇರಿದರೆ ಬಾಯಿಗೆ ಬರುತ್ತಿದ್ದ ಮಾತು ಒಂದೇ: ‘ಬೀದರಿಗೆ ಹಾಕಿಸ್ತೀನಿ ನೋಡು!’ ಹಾಗೆ ಹೆದರಿಸುತ್ತಿದ್ದವರೂ ಬೀದರನ್ನು ಕಂಡವರಲ್ಲ, ಹೆದರುತ್ತಿದ್ದ ನಾವೂ ಕಂಡವರಲ್ಲ. ಮೂವತ್ತೆರಡು ವರ್ಷ ಆ ಹೆಸರಿಗೆ ಅಂಜಿಕೊಂಡೇ ಗುಮಾಸ್ತಗಿರಿ ಮುಗಿಸಿದವನು, ನಿವೃತ್ತನಾದ ಮೇಲೆ ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆಸಿ, ರಾತ್ರಿ ರೈಲು ಹತ್ತಿ, ಅಲ್ಲಿಗೇ ಹೋಗಿ ಇಳಿದೆ.

ಚೌಬಾರದ ಗೋಪುರದಿಂದ ಕೋಟೆಯ ದಿಕ್ಕಿಗೆ ಸ್ವಲ್ಪ ನಡೆದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಮೊದಲು ಕಣ್ಣಿಗೆ ಬೀಳುವುದು ಇರುವುದಲ್ಲ, ಇಲ್ಲದ್ದು. ಮುಂಭಾಗದ ಎರಡು ಮೂಲೆಗೆ ಎರಡು ಮಿನಾರು ಇರಬೇಕಿತ್ತು, ಒಂದಿದೆ. ಹೆಬ್ಬಾಗಿಲು ಇರಬೇಕಾದ ಕಡೆ ಆಕಾಶವಿದೆ. ಉಳಿದ ಮಿನಾರಿನ ಮೈತುಂಬ ಗಾಜಿನ ಹೊಳಪಿನ ಹೆಂಚುಬಿಲ್ಲೆಗಳು ಅಂಕುಡೊಂಕಾಗಿ ಏರುತ್ತ ಹೋಗಿವೆ. ಹತ್ತಿರ ಹೋಗಿ ನೋಡಿದೆ. ಬಿಲ್ಲೆ ಉದುರಿದ ಕಡೆ ಗಾರೆಯಲ್ಲಿ ಅದು ಕೂತಿದ್ದ ಗುರುತು ಮಾತ್ರ ಇದೆ, ಹಲ್ಲು ಬಿದ್ದ ವಸಡಿನ ಹಾಗೆ. ಪಕ್ಕದಲ್ಲೇ ಉಳಿದ ಒಂದು ಚೂರು ಬಿಸಿಲಿಗೆ ನೀಲಿಯಾಗಿ ಮಿಂಚಿತು. ಐದೂವರೆ ಶತಮಾನದ ಬಣ್ಣ! ನಮ್ಮ ಮನೆ ಗೋಡೆಯದು ಐದು ಮಳೆಗಾಲ ತಡೆಯಲಿಲ್ಲ.

‘ಈ ನಮೂನೀ ಕಟ್ಟಡ ಸಮರಖಂದದಾಗ ಅದಾವ ನೋಡ್ರಿ ಸಾಹೇಬ್ರ,’ ಎಂದರು ನೆರಳಿನಲ್ಲಿ ಕೂತಿದ್ದ ಹಿರಿಯರು. ನಿಜ. ನಡುವೆ ಅಂಗಳ, ನಾಲ್ಕೂ ಬದಿಗೆ ಎತ್ತರದ ಕಮಾನು, ಸುತ್ತ ಮೂರು ಅಂತಸ್ತಿನ ಕೋಣೆಗಳು: ಮಧ್ಯ ಏಷ್ಯಾದ ಮಾದರಿ ಹಾಗೇ ನಡೆದು ಬಂದು ಬೀದರಿನ ಕೆಂಪು ನೆಲದ ಮೇಲೆ ಕೂತಿದೆ. 1472ರಲ್ಲಿ ಮುಗಿದ ಈ ಕಟ್ಟಡದಲ್ಲಿ ಮಸೀದಿಯಿತ್ತು, ಪಾಠದ ಹಜಾರಗಳಿದ್ದವು, ಗುರುಶಿಷ್ಯರಿಗೆ ವಸತಿಯಿತ್ತು. ಪುಸ್ತಕ ಭಂಡಾರದಲ್ಲಿ ಮೂರು ಸಾವಿರ ಕೈಬರಹದ ಗ್ರಂಥಗಳಿದ್ದವು ಎನ್ನುತ್ತಾರೆ. ಒಂದು ಕೋಣೆಯೊಳಗೆ ಹೋಗಿ ನಿಂತೆ. ಹೊರಗೆ ಬಿಸಿಲು ಹುರಿಯುತ್ತಿದ್ದರೂ ಒಳಗೆ ತಣ್ಣಗಿತ್ತು. ಮಧ್ಯಾಹ್ನದ ಪಾಠಕ್ಕೆ ಹುಡುಗರು ತೂಕಡಿಸದೆ ಇದ್ದಿರಲಾರರು.

ಕಟ್ಟಿಸಿದವನು ಕ್ಯಾಸ್ಪಿಯನ್ ಕಡಲ ತೀರದ ಗೀಲಾನಿನವನು. ನಲವತ್ತು ದಾಟಿದ ಮೇಲೆ ವ್ಯಾಪಾರಿಯಾಗಿ ಸಮುದ್ರ ದಾಟಿ ಬಂದು, ಬಹಮನಿ ಸುಲ್ತಾನರಲ್ಲಿ ಕೆಲಸಕ್ಕೆ ನಿಂತು, ಕೊನೆಗೆ ಪ್ರಧಾನಿಯೇ ಆದ. ಯಾರೂ ಹಾಕಿಸದೆ ತಾನಾಗಿ ಬೀದರಿಗೆ ಬಂದ ನೌಕರ! ತನ್ನ ಮದರಸಾಕ್ಕೆ ದೊಡ್ಡ ವಿದ್ವಾಂಸರು ಬೇಕೆಂದು ದೂರದೂರಕ್ಕೆ ಕಾಗದ ಬರೆದ. ಹೆರಾತಿನ ಮಹಾಕವಿ ಜಾಮಿಯನ್ನೂ ಕರೆದ. ಜಾಮಿ ಬರಲಿಲ್ಲ. ಬೀದರ್ ಅಂದರೆ ಹಿಂದೇಟು ಹಾಕಿದವರಲ್ಲಿ ನಾವೇ ಮೊದಲಿಗರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಕಾಗದ ಬರೆಯುವುದರಲ್ಲಿ ಗವಾನ್ ಎತ್ತಿದ ಕೈ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಇಂದಿಗೂ ಇದೆ. ಪತ್ರ ಹೇಗೆ ಬರೆಯಬೇಕೆಂದು ಕಲಿಸಲು ಇನ್ನೊಂದು ಗ್ರಂಥವನ್ನೇ ಬರೆದ. ಅಂಥವನನ್ನು ಕೊಂದದ್ದೂ ಒಂದು ಪತ್ರವೇ. ಆಗದವರು ಅವನ ಮೊಹರು ಕಾಯುವವನಿಗೆ ಉಡುಗೊರೆ ಕೊಟ್ಟು, ಕುಡಿಸಿ, ಒಂದು ಖಾಲಿ ಹಾಳೆಗೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ, ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಒಕ್ಕಣೆ ಸಿದ್ಧವಾಯಿತು. ಸುಲ್ತಾನ ಮೂರನೇ ಮುಹಮ್ಮದ್ ಕಾಗದ ಹಿಡಿದು ಕೇಳಿದಾಗ ಮುದುಕ ಹೇಳಿದ್ದಿಷ್ಟು: ಮೊಹರು ತನ್ನದು, ಬರಹ ತನ್ನದಲ್ಲ. 1481ರ ಏಪ್ರಿಲ್ 5ರಂದು ತಲೆ ಉರುಳಿತು. ಸತ್ತವನ ಖಜಾನೆ ತೆಗೆಸಿದರೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಆತ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಚರಿತ್ರಕಾರ ಫೆರಿಷ್ತಾ ಬರೆಯುತ್ತಾನೆ. ವರ್ಷ ತುಂಬುವುದರೊಳಗೆ ಸುಲ್ತಾನನೂ ಸತ್ತ.

ಎಲ್ಲರೂ ಈ ಕಥೆಯಲ್ಲಿ ಗವಾನನಿಗಾಗಿ ಮರುಗುತ್ತಾರೆ. ನನ್ನ ಮನಸ್ಸು ಮಾತ್ರ ಆ ಮೊಹರಿನವನ ಬೆನ್ನು ಬಿಡದು. ಯಾಕೆಂದರೆ ಒಂದು ಕಾಲಕ್ಕೆ ನಮ್ಮ ಕಚೇರಿಯ ರೌಂಡ್ ಸೀಲು ಇರುತ್ತಿದ್ದದ್ದು ನನ್ನ ಡ್ರಾಯರಿನಲ್ಲಿ. ಸಾಹೇಬರು ರಜೆ ಹೋಗುವ ಮುನ್ನಾದಿನ ಸಹೋದ್ಯೋಗಿಯೊಬ್ಬರು ಐದು ಖಾಲಿ ಹಾಳೆ ತಂದು, ‘ಒತ್ತಿಡಪ್ಪಾ, ಅರ್ಜೆಂಟಿಗೆ ಬೇಕಾಗುತ್ತೆ’ ಎಂದಿದ್ದರು. ನನಗೆ ಯಾರೂ ಕುಡಿಸಿರಲಿಲ್ಲ. ಬೈಟು ಕಾಫಿಗೇ ಕೆಲಸವಾಗಿತ್ತು. ಮೂರು ತಿಂಗಳ ಮೇಲೆ ಆ ಐದರಲ್ಲೊಂದು, ನಾನು ಕಂಡುಕೇಳರಿಯದ ಪ್ರಮಾಣಪತ್ರವಾಗಿ ಮೇಜಿಗೆ ವಾಪಸು ಬಂತು. ಸೀಲು ನಮ್ಮದು, ಬರಹ ನಮ್ಮದಲ್ಲ ಎಂದೇ ನಾನೂ ವಿವರಣೆ ಕೊಟ್ಟೆ. ನನ್ನ ಸುಲ್ತಾನರು ದಯಾಳು. ಎರಡು ಇನ್‌ಕ್ರಿಮೆಂಟಿನಲ್ಲಿ ಬಿಟ್ಟರು.

ಇನ್ನೊಂದು ಮಿನಾರಿನ ಕಥೆ ಚಿಕ್ಕದು. ಔರಂಗಜೇಬ 1657ರಲ್ಲಿ ಬೀದರ್ ಗೆದ್ದ ಮೇಲೆ ಇಲ್ಲಿ ಸೈನಿಕರು ಬಿಡಾರ ಹೂಡಿದರು, ಪಾಠದ ಕೋಣೆಗಳಲ್ಲಿ ಕೋವಿಮದ್ದು ತುಂಬಿದರು. 1696ರಲ್ಲಿ ಅದು ಸಿಡಿದು ಮಿನಾರನ್ನೂ ಹೆಬ್ಬಾಗಿಲನ್ನೂ ಹೊತ್ತುಕೊಂಡು ಹೋಯಿತು. ಹೋಗದೆ ಉಳಿದದ್ದೂ ಒಂದಿದೆ. ಮೊಹರು, ಕಾಗದ, ಹುಕುಂ, ವಜಾ, ಬಾಕಿ, ರವಾನೆ ಎನ್ನುತ್ತ ನಾವು ಇಡೀ ದಿನ ಆಡುವ ಕಚೇರಿ ಮಾತುಗಳ ಅರ್ಧ ಸಂಸಾರ ಈ ಅರಬ್ಬಿ–ಪಾರಸಿ ಪಾಠದವರ ಕಡೆಯಿಂದಲೇ ಬಂದದ್ದು. ಅವು ಮಾತ್ರ ಯಾವ ಮದ್ದಿಗೂ ಸಿಡಿಯಲಿಲ್ಲ.

ಹೊರಟಾಗ ಬಿದ್ರಿ ಸಾಮಾನಿನ ಅಂಗಡಿ ಹೊಕ್ಕು, ಕರಿ ಲೋಹದಲ್ಲಿ ಬೆಳ್ಳಿಯ ಹೂಬಳ್ಳಿ ಕೂರಿಸಿದ ಪುಟ್ಟ ಡಬ್ಬಿ ಕೊಂಡೆ. ನನ್ನ ಬ್ಯಾಗು, ಕನ್ನಡಕ, ಜೇಬಿನ ಪೆನ್ನು ನೋಡಿ ಅಂಗಡಿಯವರು ಏನು ಲೆಕ್ಕ ಹಾಕಿದರೋ, ಬಿಲ್ ಪುಸ್ತಕದಿಂದ ಹಾಳೆ ಹರಿದು, ಟಪ್ಪೆಂದು ಸೀಲು ಒತ್ತಿ, ಖಾಲಿಯಾಗಿಯೇ ನನ್ನ ಕೈಗಿಟ್ಟರು.

‘ರಕಮು ನೀವೇ ತುಂಬ್ಕೋರಿ ಸಾಹೇಬ್ರ.’

‘ಬ್ಯಾಡ್ರಿ,’ ಎಂದು ಹಾಳೆ ವಾಪಸು ಚಾಚಿದೆ. ‘ಬರದs ಕೊಡ್ರಿ.’