ಭೀಮಾತೀರದ ಅಗಸಿಕಟ್ಟೆಗಳು

ಕಳೆದ ಶ್ರಾವಣದಲ್ಲಿ ನಾವು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಚರಿಸಿದೆವು. ಪುರಾಣ ಪ್ರವಚನದ ಆಮಂತ್ರಣಗಳಿದ್ದವು, ನಿಜ; ಆದರೆ ಮಠದಲ್ಲಿ ನಮ್ಮೊಡನೆ ಓದಿದ ಹಿರಿಯ ಮಿತ್ರರೊಬ್ಬರನ್ನು ಕಾಣಬೇಕೆಂಬುದೇ ಮನದ ಬಯಕೆಯಾಗಿತ್ತು.

ಆಳಂದದ ಸೀಮೆಯಲ್ಲಿ ತೊಗರಿ ಹಸುರಾಗಿ ನಿಂತಿತ್ತು. ಊರೊಳಗೆ ಮಾತ್ರ ಹಲವು ಬಾಗಿಲುಗಳಿಗೆ ಬೀಗ. ಮಕ್ಕಳು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋಗಿದ್ದಾರೆ. ಒಂಟಿಯಾಗಿದ್ದ ತಾಯಿಯೊಬ್ಬರು, “ಒಬ್ಬಾಕಿಗಿ ಏನ್ ಒಲಿ ಹಚ್ಚೂದ್ರಿ ಯಪ್ಪಾ?” ಎಂದರು. ಮುಂಜಾನೆಯ ರೊಟ್ಟಿಯೇ ಸಂಜೆಗೂ. ಪುರಾಣ ನಡೆಯುವ ತಿಂಗಳು ದಾಸೋಹದ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಮಂಗಲವಾದ ಮೇಲೆ ಮತ್ತೆ ಅದೇ ಮೌನ.

2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಪರಿಶೀಲಿಸಿದರು. ಗಟ್ಟಿಯಾದ ಬಾಂಧವ್ಯವುಳ್ಳವರು ಬದುಕುಳಿಯುವ ಸಂಭವ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂದಿತು. ಒಂಟಿತನದೊಡನೆ ತಳಕು ಹಾಕಿಕೊಂಡ ಸಾವುಗಳು ವರ್ಷಕ್ಕೆ ಸುಮಾರು 8,71,000 ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ರೋಗದಿಂದಲೇ ಮನುಷ್ಯ ಒಂಟಿಯಾಗುವುದೂ ಉಂಟೆಂಬುದನ್ನು ಮರೆಯಲಾಗದು.

ಅಫಜಲಪುರದ ಕಡೆ, ಅಮರಜೆಯು ಭೀಮೆಯನ್ನು ಕೂಡುವ ಗಾಣಗಾಪುರವನ್ನು ದಾಟಿ ಮುಂದೆ ನಡೆದೆವು. 2020ರ ಅಕ್ಟೋಬರದ ಮಹಾಪೂರವನ್ನು ಜನರಿನ್ನೂ ಮರೆತಿಲ್ಲ. ಯಾವ ಮನೆಯಲ್ಲಿ ಯಾವ ಮುತ್ಯಾ ಹಾಸಿಗೆ ಹಿಡಿದಿದ್ದಾನೆಂಬುದು ನೆರೆಯವರಿಗೆ ಬಾಯಿಪಾಠವಾಗಿದ್ದುದರಿಂದ, ಕತ್ತಲಲ್ಲಿಯೂ ಅವರನ್ನು ಹೊತ್ತು ತಂದೆವೆಂದು ಒಬ್ಬ ತರುಣ ಹೇಳಿದ.

ಹಾಗೆಂದು ಹಳ್ಳಿಯನ್ನು ಕೊಂಡಾಡಿ ಸುಮ್ಮನಾಗಲಾರೆವು. ನಾವು ಕುಳಿತ ಅಗಸಿಕಟ್ಟೆಗಳಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಕೆಲವು ಓಣಿಯ ಹಿರಿಯರು ದೂರವೇ ನಿಂತು ಮಾತಾಡಿದರು. ಜಂಗಮ, ದಾಸೋಹಗಳ ಮೇಲೆ ಗಂಟೆಗಟ್ಟಲೆ ಪ್ರವಚನ ಹೇಳುವ ನಮಗೆ ಅದು ನಾಚಿಕೆ ತಂದಿತು.

ಜೇವರ್ಗಿಯ ಕಡೆ, ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯ ದರ್ಶನ ಮುಗಿಸಿ ಮಿತ್ರರ ಊರು ಸೇರಿದೆವು. ಪತ್ನಿ ಲಿಂಗೈಕ್ಯರಾದ ಮೇಲೆ ಅವರು ಎರಡು ವರ್ಷ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು. ಆರೈಕೆಗೆ ಕೊರತೆಯಿರಲಿಲ್ಲ, ಮಾತಿಗೆ ಜನರಿರಲಿಲ್ಲ. ಹಟ ಹಿಡಿದು ಮರಳಿದರು. ಒಂದು ಸಂಜೆ ಅವರು ಕಟ್ಟೆಗೆ ಬಾರದಿರಲು ಗೆಳೆಯರು ಹೋಗಿ ಬಾಗಿಲು ಬಡಿದರು. ಸಕ್ಕರೆ ಅಂಶ ಇಳಿದು ಪ್ರಜ್ಞೆ ತಪ್ಪಿ ಬಿದ್ದಿದ್ದವರನ್ನು ಆಸ್ಪತ್ರೆಗೆ ಒಯ್ದರು. ಅಂದಿನಿಂದ ಅವರನ್ನು ಕರೆತರಲು ಒಬ್ಬ ಹುಡುಗನನ್ನು ಗೊತ್ತುಮಾಡಿದ್ದಾರೆ.

ನಾವು ಮಾತಿನಲ್ಲಿದ್ದಾಗಲೇ ಅವನು ಬಂದ. “ಮುತ್ಯಾ, ಕಟ್ಟಿಗಿ ಬರ್ತಿಯಿಲ್ಲೋ?” ಮಿತ್ರರು ಗೋಡೆಗೆ ಒರಗಿಸಿದ್ದ ಬಡಿಗೆ ತೆಗೆದುಕೊಂಡರು. ನಾವೂ ಎದ್ದೆವು.